ಎಲ್ಲದಕ್ಕೂ "ಅದಕ್ಕೇ ಹಾಗೆ" ಅಂದ್ರೆ ಹೇಗೆ?

ನಾನು ಸ್ಪೆಷಲ್ ಎಜುಕೇಟರ್, ಅಂದ್ರೆ ಡಿಸಬಿಲಿಟಿ ಇರೋ ಮಕ್ಕಳಿಗೆ ಕಲಿಸೋ ಟೀಚರ್. ಈ ಕೆಲಸದಲ್ಲಿ ನನ್ನ ತಲೆ ಕೆಡಿಸೋ ಮಾತು ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ಯೋಚನೆನೇ ಮಾಡಲ್ಲ, "ಅವನಿಗೆ ಆಟಿಸಂ ಅಲ್ವಾ, ಅದಕ್ಕೇ ಹಾಗೆ" ಅನ್ನೋದು. ಹುಡುಗ ಕೆಲವು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ಅದಕ್ಕೇ ಹಾಗೆ. ಬಸ್ ಹತ್ತೋಕೆ ಒಲ್ಲೆ ಅಂತಿದಾನೆ, ಅದಕ್ಕೇ ಹಾಗೆ. ಅಷ್ಟು ಇಷ್ಟಪಟ್ಟು ಆಡ್ತಿದ್ದ ಪಝಲ್ ಈಗ ಮುಟ್ಟೋದೂ ಇಲ್ಲ, ಮೂಲೇಲಿ ಕೂತ್ಬಿಡ್ತಾನೆ, ಅದಕ್ಕೂ ಅದೇ ಉತ್ತರ. ಇದೇ ಮೂರು ವಿಷಯ ಬೇರೆ ಯಾವ್ದಾದ್ರೂ ಮಗು ಬಗ್ಗೆ ಹೇಳಿ ನೋಡಿ, "ಯಾಕೆ, ಏನಾಯ್ತು, ಯಾರಾದ್ರೂ ಏನಾದ್ರೂ ಅಂದ್ರಾ" ಅಂತ ನಾಲ್ಕು ಜನ ಓಡಿ ಬರ್ತಾರೆ. ಫೈಲಲ್ಲಿ ಒಂದು ಡಯಾಗ್ನೋಸಿಸ್ ಇದೆ ಅಂದ ತಕ್ಷಣ ಆ ಮಗೂಗೆ "ಏನಾಯ್ತು" ಅನ್ನೋ ಪ್ರಶ್ನೆನೇ ಸಿಗಲ್ಲ.

ಇದು ನನ್ನೊಬ್ಬಳ ಗೊಣಗಾಟ ಅಂದ್ಕೋಬೇಡಿ. 1982ರಲ್ಲೇ ಸ್ಟೀವನ್ ರೈಸ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ ಮತ್ತು ಅವರ ಜೊತೆಗಾರರು ಇದಕ್ಕೆ ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್ ಅಂತ ಹೆಸರಿಟ್ರು, ಅಂದ್ರೆ ಒಂದು ಡಯಾಗ್ನೋಸಿಸ್ ನೆರಳಲ್ಲಿ ಬೇರೆ ತೊಂದರೆ ಮುಚ್ಚಿಹೋಗೋದು. ವಿಪರೀತ ಭಯದಿಂದ ಒದ್ದಾಡ್ತಿರೋ ಒಬ್ಬರ ಕೇಸ್ ವಿವರ ಬರೆದು ಸೈಕಾಲಜಿಸ್ಟ್‌ಗಳಿಗೆ ಓದೋಕೆ ಕೊಟ್ರು, ಕೆಲವು ಪ್ರತೀಲಿ ಮಾತ್ರ ಈ ವ್ಯಕ್ತಿಗೆ ಇಂಟಲೆಕ್ಚುಯಲ್ ಡಿಸಬಿಲಿಟಿ (ಬುದ್ಧಿಯ ಬೆಳವಣಿಗೆ ಕಮ್ಮಿ ಇರೋದು) ಇದೆ ಅನ್ನೋ ಮಾಹಿತಿ ಸೇರಿಸಿದ್ರು. ಅದೇ ಭಯ, ಅದೇ ಲಕ್ಷಣ, ಆದ್ರೆ ಆ ಮಾಹಿತಿ ಓದಿದವರು ಅದನ್ನ ಮಾನಸಿಕ ತೊಂದರೆ ಅಂತ ಗುರುತಿಸೋದು ಕಮ್ಮಿ ಆಗೋಯ್ತು. ಇವ್ರೆಲ್ಲ ಈ ವಿಷ್ಯ ಓದಿ ಡಿಗ್ರಿ ತಗೊಂಡೋರು, ಹೀಗಿರುವಾಗ ಇಪ್ಪತ್ತು ಮಕ್ಕಳ ಮಧ್ಯೆ ಓಡಾಡ್ಕೊಂಡಿರೋ ಟೀಚರ್‌ಗೆ ಎಲ್ಲ ಕಾಣ್ಬೇಕು ಅಂದ್ರೆ ಹೇಗೆ ಹೇಳಿ.

ಕಾಣದೇ ಇರೋದು ಸಣ್ಣ ವಿಷಯನೂ ಅಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 31 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಆಟಿಸಂ ಇರೋ 2,121 ಮಕ್ಕಳು ಮತ್ತು ಹದಿಹರೆಯದವರು, ಅದ್ರಲ್ಲಿ ಶೇಕಡಾ 40ರಷ್ಟು ಮಕ್ಕಳಿಗೆ ಕನಿಷ್ಠ ಒಂದು ಆಂಗ್ಸೈಟಿ ಡಿಸಾರ್ಡರ್, ಅಂದ್ರೆ ವಿಪರೀತ ಆತಂಕದ ಕಾಯಿಲೆ, ಇತ್ತು. ಇದು "ಸ್ವಲ್ಪ ಟೆನ್ಶನ್" ಅಲ್ಲ, ಡಾಕ್ಟರ್ ಗುರುತಿಸಿ ಟ್ರೀಟ್ ಮಾಡೋ ಮಟ್ಟದ್ದು. ಕ್ಲಾಸಲ್ಲಿ ಅಂಥ ಹತ್ತು ಮಕ್ಕಳಿದ್ರೆ ನಾಲ್ಕು ಮಕ್ಕಳು. ಆ ನಾಲ್ಕು ಮಕ್ಕಳಿಗೆ ಏನೇನು ಕಲಿಸ್ಬೇಕು ಅಂತ ಶಾಲೇಲಿ ಬರೆದಿಟ್ಟ ಪ್ಲಾನ್ ತೆಗೆದು ನೋಡಿ, ಸರಿಯಾಗಿ ಕೂರೋದು, ಪೆನ್ಸಿಲ್ ಹಿಡಿಯೋದು, ಬಟನ್ ಹಾಕೋದು, ಕಣ್ಣಲ್ಲಿ ಕಣ್ಣಿಟ್ಟು ನೋಡೋದು (ಈ ಕೊನೇದ್ರ ಮೇಲೆ ನನಗಿರೋ ಸಿಟ್ಟು ಬೇರೆ ಪೋಸ್ಟ್‌ಗೆ ಇರ್ಲಿ), ಎಲ್ಲ ಇರುತ್ತೆ. ಭಯ ಅನ್ನೋ ಪದ ಎಲ್ಲೂ ಇರಲ್ಲ.

ಒಂದು ಹುಡುಗಿ ವಿಷಯ ಹೇಳ್ತೀನಿ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ಮಾತಾಡಲ್ಲ, ಪಿಕ್ಚರ್ ಬೋರ್ಡ್ ತೋರಿಸ್ತಾಳೆ. ಬೇಜಾರಾದ್ರೆ ತನ್ನ ಮಣಿಕಟ್ಟು ತಾನೇ ಕಚ್ಕೊತಾಳೆ, ಚರ್ಮ ದಪ್ಪಗಾಗಿ ಬಣ್ಣ ತಿರುಗಿತ್ತು. ಕಚ್ಚೋದಕ್ಕೆ ಒಂದು ಬಿಹೇವಿಯರ್ ಪ್ಲಾನ್ ಇತ್ತು, ಕಚ್ಚದೇ ಇದ್ರೆ ಸ್ಟಿಕ್ಕರ್, ಕಚ್ಚಿದ್ರೆ ಆಟ ಕಟ್. ನಾನು ಆ ಬೋರ್ಡನ್ನ ಕೈಗೆ ತಗೊಂಡು ನೋಡಿದೆ. ಲ್ಯಾಮಿನೇಟ್ ಮಾಡಿ ಹಿಂದೆ ವೆಲ್ಕ್ರೋ ಅಂಟಿಸಿದ ಚಿತ್ರಗಳು, ಅಂಚೆಲ್ಲ ಸವೆದು ಬಾಯ್ಬಿಟ್ಟಿತ್ತು. ನೀರು, ಟಾಯ್ಲೆಟ್, ಬಾಲ್, ಉಯ್ಯಾಲೆ, ಇನ್ನೂ ಬೇಕು, ಥ್ಯಾಂಕ್ಯೂ. ಥ್ಯಾಂಕ್ಯೂಗೆ ಚಿತ್ರ ಇದೆ, "ಬೇಡ" ಅನ್ನೋಕೆ ಇಲ್ಲ! ನೋವು ಇಲ್ಲ, ಭಯ ಇಲ್ಲ, ಸಾಕು ಇಲ್ಲ, ಸುಸ್ತಾಯ್ತು ಇಲ್ಲ. ಅಂದ್ರೆ ನಾವು ದೊಡ್ಡೋರು ಆ ಹುಡುಗಿಗೆ ಕೇಳೋಕೆ ಮತ್ತೆ ಕೃತಜ್ಞತೆ ಹೇಳೋಕೆ ಮಾತ್ರ ಭಾಷೆ ಕೊಟ್ಟಿದ್ವಿ, ಮಿಕ್ಕಿದ್ದನ್ನೆಲ್ಲ ಅವಳು ಮಣಿಕಟ್ಟಿಂದ ಹೇಳ್ತಿದ್ಲು.

ಚಿತ್ರ ಸೇರಿಸಿದ್ವಿ. ಮೊದಲು ಏನಾಯ್ತು ಗೊತ್ತಾ, ಎಲ್ಲದಕ್ಕೂ "ಬೇಡ". ಊಟ ಬೇಡ, ಸರ್ಕಲ್ ಟೈಂ ಬೇಡ, ಹೊರಗೆ ಹೋಗೋದು ಬೇಡ, ಬೆಳಗ್ಗೆಯಿಂದ ಸಾಯಂಕಾಲದ ತನಕ ಅದೊಂದೇ ಚಿತ್ರಕ್ಕೆ ಬೆರಳು, ಕ್ಲಾಸ್ ಅಸಿಸ್ಟೆಂಟ್‌ಗೆ ರೇಗಿ ಹೋಗಿ "ಇದನ್ನ ಕಿತ್ತಾಕ್ಲಾ" ಅಂತ ಕೇಳಿದ್ರು. ಕಿತ್ತಾಕ್ಲಿಲ್ಲ. ಅಷ್ಟು ವರ್ಷ ಒಂದು ಸಲನೂ ಬೇಡ ಅನ್ನೋಕೆ ಆಗದೇ ಇದ್ದೋಳಿಗೆ ಹಳೇ ಲೆಕ್ಕ ತೀರಿಸ್ಕೊಳ್ಳೋಕೆ ಸ್ವಲ್ಪ ಟೈಂ ಬೇಡ್ವಾ? ಎಲ್ಲಾ ಬೇಡಕ್ಕೂ ನಾವು ಸರಿ ಅನ್ನಲಿಲ್ಲ, ಆಗೋದೂ ಇಲ್ಲ, ಆದ್ರೆ "ನೀನು ಬೇಡ ಅಂದಿದ್ದು ಗೊತ್ತಾಯ್ತು, ಐದು ನಿಮಿಷ ಬಿಟ್ಟು ಮಾಡೋಣ" ಅಂತಾದ್ರೂ ಪ್ರತಿ ಸಲ ಉತ್ತರ ಕೊಟ್ವಿ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ಬಂದು "ನೋವು" ತೋರಿಸಿ ಅಸಿಸ್ಟೆಂಟ್ ಕೈ ಹಿಡ್ಕೊಂಡು ತನ್ನ ಕೆನ್ನೆ ಮೇಲೆ ಇಟ್ಲು. ದವಡೆ ಹಲ್ಲು ಪೂರ್ತಿ ಹುಳುಕು. ಎಷ್ಟು ದಿನದಿಂದ ಇತ್ತೋ ದೇವರಿಗೇ ಗೊತ್ತು. ಕಚ್ಚೋದು ಪೂರ್ತಿ ನಿಂತೋಯ್ತು ಅಂತ ಸುಳ್ಳು ಹೇಳಲ್ಲ, ಇಂಥ ಕಥೆಗಳಲ್ಲಿ ಎಲ್ಲ ಒಂದೇ ಸಲಕ್ಕೆ ಸರಿಹೋಗುತ್ತೆ, ನಿಜದಲ್ಲಿ ಹೋಗಲ್ಲ. ಕಮ್ಮಿ ಆಯ್ತು. ಸ್ಟಿಕ್ಕರ್ ಪ್ಲಾನ್ ಮಾತ್ರ ಕಸದಬುಟ್ಟಿಗೆ ಹೋಯ್ತು.

ಅದಕ್ಕೇ ಹೇಳೋದು, ಮಗು ನಡವಳಿಕೆ ಇದ್ದಕ್ಕಿದ್ದ ಹಾಗೆ ಬದಲಾದ್ರೆ ಮೊದಲು ಮೈ ನೋಡಿ. ಹಲ್ಲು, ಕಿವಿ, ಮಲಬದ್ಧತೆ, ನಿದ್ದೆ, ಹೊಸ ಮಾತ್ರೆ, ಹೆಣ್ಣುಮಕ್ಕಳಾದ್ರೆ ಮುಟ್ಟಿನ ನೋವು. ಆಮೇಲೆ ಮನಸ್ಸು. ಅದೆಲ್ಲ ಆದ್ಮೇಲೆ ಬೇಕಿದ್ರೆ ಡಯಾಗ್ನೋಸಿಸ್ ಹೆಸರು ಹೇಳಿ.

ಮಾತಾಡೋ ಮಕ್ಕಳಾದ್ರೆ ಕೇಳಿ ತಿಳ್ಕೋಬಹುದಲ್ಲ ಅಂತೀರಾ, ಅಲ್ಲೂ ಒಂದು ಎಡವಟ್ಟಿದೆ. ತನ್ನೊಳಗೆ ಆಗ್ತಿರೋದು ಸಿಟ್ಟಾ ಭಯಾನಾ ಬೇಜಾರಾ ಅಂತ ಗುರುತಿಸೋಕೇ ಕಷ್ಟ ಆಗೋ ಸ್ಥಿತಿಗೆ ಅಲೆಕ್ಸಿಥೈಮಿಯಾ ಅಂತಾರೆ, 2019ರ ಒಂದು ದೊಡ್ಡ ವಿಮರ್ಶೆ ಪ್ರಕಾರ ಆಟಿಸಂ ಇರೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಇದು ಇರುತ್ತೆ, ಇಲ್ಲದವರಲ್ಲಿ ಶೇಕಡಾ 5ರಷ್ಟು. ಅಂಥ ಮಗು ಮುಂದೆ ಕೂತು "ಹೇಗನ್ನಿಸ್ತಿದೆ ಪುಟ್ಟಾ" ಅಂದ್ರೆ "ಚೆನ್ನಾಗಿದೆ" ಅನ್ನುತ್ತೆ, ಯಾಕಂದ್ರೆ ಆ ಪ್ರಶ್ನೆಗೆ ಆ ಉತ್ತರ ಹೇಳ್ಬೇಕು ಅಂತ ಅದು ಕಲ್ತಿದೆ. ಗೋಡೆ ಮೇಲಿನ ನಗುಮುಖ ಅಳುಮುಖದ ಚಾರ್ಟ್ ಬಗ್ಗೆ ನನಗೆ ಅಷ್ಟಕ್ಕಷ್ಟೇ, ಬಹಳ ಮಕ್ಕಳು ಟೀಚರ್‌ಗೆ ಖುಷಿ ಆಗೋ ಮುಖವನ್ನೇ ತೋರಿಸಿ ಬಂದು ಕೂರ್ತಾರೆ. ಮೈ ಬಗ್ಗೆ ಕೇಳಿದ್ರೆ ಉತ್ತರ ಸಿಗುತ್ತೆ. ಹೊಟ್ಟೆ ಹೇಗಿದೆ? ಕೈ ಬಿಗಿಯಾಗಿದ್ಯಾ? ಎದೆ ಜೋರಾಗಿ ಹೊಡ್ಕೊತಿದ್ಯಾ? ಯಾವಾಗಿಂದ, ಗಣಿತ ಕ್ಲಾಸ್ ಮುಂಚೆನಾ ಆಮೇಲಾ? ಒಬ್ಬ ಹುಡುಗ ತನ್ನ ದಿನಾನ ರೈಲಿನ ಸ್ಪೀಡಲ್ಲಿ ಹೇಳ್ತಿದ್ದ, ಅವನಿಗೆ ರೈಲು ಅಂದ್ರೆ ಪ್ರಾಣ, "ಇವತ್ತು 140, ಬ್ರೇಕ್ ಹಿಡೀತಿಲ್ಲ" ಅಂದ್ರೆ ನಮಗೆಲ್ಲ ಅರ್ಥ ಆಗೋದು. ಇದೇನೂ ತಮಾಷೆ ಅಲ್ಲ, ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚೀಲೂ ಆಟಿಸಂ ಇರೋ ಮಕ್ಕಳ ಆಂಗ್ಸೈಟಿಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸೋಕೆ ಕಲಿಸೋ ಮಾತಿನ ಥೆರಪಿ) ಕೊಡುವಾಗ ಚಿತ್ರ ಮತ್ತು ಬರಹ ಜಾಸ್ತಿ ಬಳಸಿ, ಮಧ್ಯೆ ಮಧ್ಯೆ ಬ್ರೇಕ್ ಕೊಡಿ, ಅಪ್ಪ ಅಮ್ಮನ್ನ ಸೇರಿಸ್ಕೊಳ್ಳಿ, ಮಗೂಗೆ ಇಷ್ಟದ ವಿಷಯಾನೇ ಒಳಗೆ ತನ್ನಿ ಅಂತ ಇದೆ. "ಇಂಥ ಮಕ್ಕಳಿಗೆ ಕೌನ್ಸೆಲಿಂಗ್ ಎಲ್ಲ ವರ್ಕ್ ಆಗಲ್ಲ" ಅಂತ ಯಾರಾದ್ರೂ ಅಂದ್ರೆ, ಯಾವ ಥರದ ಕೌನ್ಸೆಲಿಂಗ್ ಮಾಡಿ ನೋಡಿದ್ರಿ ಅಂತ ತಿರುಗಿಸಿ ಕೇಳಿ.

ಸಾವಿನ ವಿಷಯದಲ್ಲಂತೂ ನಾವು ಈ ಮಕ್ಕಳಿಗೆ ಮಾಡೋದು ಅನ್ಯಾಯ. ಮನೇಲಿ ಯಾರೋ ಹೋದ್ರೆ "ಇವಳಿಗೆ ಅರ್ಥ ಆಗಲ್ಲ ಬಿಡಿ" ಅಂತ ಹೇಳೋದೇ ಇಲ್ಲ, ಅಜ್ಜಿ ಊರಿಗೆ ಹೋಗಿದಾರೆ ಅಂತಾರೆ, ಮಗು ದಿನಾ ಬಾಗಿಲು ನೋಡ್ತಾ ಕೂರುತ್ತೆ. ಬ್ರಿಟನ್ನಿನ ಸೈಕಿಯಾಟ್ರಿಸ್ಟ್ ಶೀಲಾ ಹಾಲಿನ್ಸ್ ಮತ್ತೊಬ್ಬರ ಜೊತೆ ಸೇರಿ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಅಪ್ಪನನ್ನೋ ಅಮ್ಮನನ್ನೋ ಕಳ್ಕೊಂಡ, ಇಂಟಲೆಕ್ಚುಯಲ್ ಡಿಸಬಿಲಿಟಿ ಇರೋ 50 ವಯಸ್ಕರ ಬಗ್ಗೆ. ಅವರಲ್ಲಿ ಆಂಗ್ಸೈಟಿ, ಖಿನ್ನತೆ, ನಡವಳಿಕೆ ಸಮಸ್ಯೆ ಎಲ್ಲ ಜಾಸ್ತಿ ಆಗಿತ್ತು, ಆದ್ರೆ ನೋಡ್ಕೊಳ್ಳೋರು ಅದನ್ನ ಆ ಸಾವಿಗೆ ಜೋಡಿಸಿ ನೋಡಿರಲಿಲ್ಲ. ಅಮ್ಮ ಸತ್ತಿದಾರೆ, ಮನುಷ್ಯ ಅಳ್ತಿದಾನೆ, ಕಾರಣ ಕೇಳಿದ್ರೆ ಡಿಸಬಿಲಿಟಿ! ಸಾವೇ ಆಗ್ಬೇಕು ಅಂತಿಲ್ಲ, ನಮ್ಮ ಶಾಲೆಗಳಲ್ಲಿ ಅಸಿಸ್ಟೆಂಟ್‌ಗಳು ಕೆಲಸ ಬಿಡ್ತಾನೇ ಇರ್ತಾರೆ, ದಿನಕ್ಕೆ ಆರು ಗಂಟೆ ಜೊತೆಗಿದ್ದು ಊಟ ಮಾಡಿಸಿ ಟಾಯ್ಲೆಟ್‌ಗೆ ಕರ್ಕೊಂಡು ಹೋಗ್ತಿದ್ದೋರು ಒಂದು ಸೋಮವಾರ ಬರಲ್ಲ ಅಷ್ಟೇ. ಮಗೂಗೆ ಯಾರೂ ಹೇಳಲ್ಲ. ಹೋಗೋ ಮುಂಚೆ ಒಂದು ಫೋಟೋ, ಕ್ಯಾಲೆಂಡರ್ ಮೇಲೆ ಒಂದು ಗುರುತು, ಒಂದು ಟಾಟಾ, ಇಷ್ಟು ಮಾಡೋಕೆ ಬಜೆಟ್ ಏನೂ ಬೇಕಾಗಿಲ್ಲ.

ಇನ್ನೊಂದು, ಕಷ್ಟದ ವಿಷಯ ಆದ್ರೂ ಹೇಳ್ಲೇಬೇಕು. ಮಗು "ನಾನು ಇರಬಾರದು", "ಸತ್ತೋದ್ರೆ ಚೆನ್ನಾಗಿರುತ್ತೆ" ಅಂತ ಹೇಳಿದ್ರೆ, ಮುಖದಲ್ಲಿ ಭಾವನೇನೇ ಇಲ್ದೆ ಹವಾಮಾನ ವರದಿ ಓದಿದ ಹಾಗೆ ಹೇಳಿದ್ರೂ, ಎಲ್ಲೋ ವಿಡಿಯೋದಲ್ಲಿ ಕೇಳಿದ್ದನ್ನ ರಿಪೀಟ್ ಮಾಡ್ತಿದೆ ಅಂತ ತಳ್ಳಿಹಾಕಬೇಡಿ. ನೇರವಾಗಿ ಕೇಳಿ. ಕೇಳಿದ್ರೆ ತಲೇಲಿ ಹೊಸದಾಗಿ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ನಂಬಿಕೆ. ಅವತ್ತೇ ಮನೆಯವರಿಗೆ ಹೇಳಿ, ಮಗೂನ ಒಂಟಿ ಬಿಡಬೇಡಿ, ಮಾನಸಿಕ ಆರೋಗ್ಯದ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಈಗ ಮನೆಯವರ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನಗೆ ನಿಜವಾಗ್ಲೂ ಹೇಳ್ಬೇಕಾಗಿದ್ದು ಇಲ್ಲಿದೆ. ಮಗೂಗೆ "ಅದಕ್ಕೇ ಹಾಗೆ" ಅಂತೀವಲ್ಲ, ಅಪ್ಪ ಅಮ್ಮಂಗೂ ನಮ್ಮ ಹತ್ರ ಅಂಥದ್ದೇ ಒಂದು ರೆಡಿಮೇಡ್ ಮಾತಿದೆ, "ಅವರಿನ್ನೂ ಒಪ್ಕೊಂಡಿಲ್ಲ", ಅಂದ್ರೆ ಮಗು ಹೀಗಿದೆ ಅನ್ನೋದನ್ನ. ಅಮ್ಮ ಮೀಟಿಂಗಲ್ಲಿ ಅತ್ತರೆ ಒಪ್ಕೊಂಡಿಲ್ಲ. ರಿಪೋರ್ಟ್ ಬಗ್ಗೆ ಪ್ರಶ್ನೆ ಕೇಳಿದ್ರೆ ಒಪ್ಕೊಂಡಿಲ್ಲ. ಅಪ್ಪ ಮೀಟಿಂಗ್‌ಗೆ ಬರದಿದ್ರೆ ಒಪ್ಕೊಂಡಿಲ್ಲ, ಬಂದು ಜೋರಾಗಿ ಮಾತಾಡಿದ್ರೂ ಒಪ್ಕೊಂಡಿಲ್ಲ. ಅವರಿಗೆ ನಿದ್ದೆ ಇಲ್ಲದೇ ಇರಬಹುದು, ಕೆಲಸ ಹೋಗಿರಬಹುದು, ಖಿನ್ನತೆ ಇರಬಹುದು, ಅಥವಾ ಸುಮ್ನೆ ಅವರು ಹೇಳ್ತಿರೋದೇ ಸರಿ ಇರಬಹುದು, ಅದ್ಯಾವುದೂ ನಮಗೆ ಬೇಡ.

1962ರಲ್ಲೇ ಸೈಮನ್ ಓಲ್ಶಾನ್ಸ್ಕಿ ಅನ್ನೋರು ಇದ್ರ ಬಗ್ಗೆ ಒಂದು ಪುಟ್ಟ ಲೇಖನ ಬರೆದ್ರು. ಅವರು ಹೇಳಿದ್ದಿಷ್ಟು, ಈ ಅಪ್ಪ ಅಮ್ಮಂದಿರ ದುಃಖ ಒಂದು ಸಲ ಬಂದು, ಹಂತ ಹಂತವಾಗಿ ಕಮ್ಮಿ ಆಗಿ, ಕೊನೆಗೆ ಒಪ್ಪಿಗೆ ಅನ್ನೋ ಸ್ಟೇಷನ್‌ಗೆ ಬಂದು ನಿಲ್ಲೋದಲ್ಲ, ಜೀವನ ಪೂರ್ತಿ ಜೊತೇಲಿರುತ್ತೆ, ಆಗಾಗ ಜೋರಾಗುತ್ತೆ, ಮತ್ತೆ ಅದು ಕಾಯಿಲೆ ಅಲ್ಲ, ಅಂಥ ಸ್ಥಿತೀಲಿ ಸಹಜ. ಇದನ್ನ ಕ್ರಾನಿಕ್ ಸಾರೋ, ಅಂದ್ರೆ ಬಿಟ್ಟುಹೋಗದ ದುಃಖ, ಅಂತ ಕರೆದ್ರು. ಒಪ್ಕೊಳ್ಳಿ ಒಪ್ಕೊಳ್ಳಿ ಅಂತ ಒತ್ತಾಯ ಮಾಡೋ ನಮ್ಮಂಥೋರನ್ನೇ ಅವರು ಪ್ರಶ್ನೆ ಮಾಡಿದ್ರು. ನಾನು ನೋಡಿದ ಮನೆಗಳಲ್ಲಿ ಇದು ಎಷ್ಟು ನಿಜ ಅಂದ್ರೆ, ಮಗನ ಜೊತೆ ಆರಾಮಾಗಿ ನಗ್ತಾ ಇರೋ ಅಮ್ಮ, ಅವನ ವಯಸ್ಸಿನ ಪಕ್ಕದ್ಮನೆ ಹುಡುಗ ಸೈಕಲ್ ಕಲ್ತ ದಿನ, ಆ ಪಕ್ಕದ್ಮನೆ ಹುಡುಗ ಕಾಲೇಜಿಗೆ ಸೇರಿದ ದಿನ ಮತ್ತೆ ಕುಸಿದು ಕೂರ್ತಾರೆ. ಮಗ ಅಂದ್ರೆ ಅವರಿಗೆ ಪ್ರೀತಿ ಇಲ್ವಾ? ಎರಡೂ ಒಟ್ಟಿಗೇ ಇರುತ್ತೆ ಸ್ವಾಮಿ.

ಇನ್ನು ತಪ್ಪು ಹೊರಿಸೋ ಚಟಕ್ಕೆ ಹಳೇ ಇತಿಹಾಸಾನೇ ಇದೆ. 1943ರಲ್ಲಿ ಲಿಯೋ ಕ್ಯಾನರ್ ಅನ್ನೋ ಮಕ್ಕಳ ಸೈಕಿಯಾಟ್ರಿಸ್ಟ್ ಆಟಿಸಂ ಬಗ್ಗೆ ಮೊದಲ ಸಲ ವಿವರವಾಗಿ ಬರೆದಾಗ ಅಪ್ಪ ಅಮ್ಮಂದಿರಲ್ಲಿ ಬೆಚ್ಚಗಿನ ಪ್ರೀತಿ ಕಮ್ಮಿ ಅಂತ ಒಂದು ಮಾತು ಸೇರಿಸಿದ್ರು, ಬ್ರೂನೋ ಬೆಟಲ್‌ಹೈಮ್ ಅನ್ನೋ ಲೇಖಕರು ಅದನ್ನ ಹಿಡ್ಕೊಂಡು ಊರೆಲ್ಲ ಸಾರಿದ್ರು, "ಫ್ರಿಜ್ಜಿನಂಥ ತಾಯಿ" ಅನ್ನೋ ಹಣೆಪಟ್ಟಿ ಎಷ್ಟು ಸಾವಿರ ಹೆಂಗಸರ ತಲೆಗೆ ಅಂಟ್ಕೊಂತೋ. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್, ಅವರು ಸ್ವತಃ ಸೈಕಾಲಜಿಸ್ಟ್ ಮತ್ತೆ ಆಟಿಸಂ ಇರೋ ಮಗುವಿನ ಅಪ್ಪ, ಇದು ಜೈವಿಕ ಕಾರಣದಿಂದ ಬರೋದು ಅಂತ ವಾದ ಕಟ್ಟಿ ಆ ಸಿದ್ಧಾಂತದ ಬುಡ ಅಲ್ಲಾಡಿಸಿದ್ರು, 1969ರಲ್ಲಿ ಕ್ಯಾನರ್ ಅವರೇ ಪೋಷಕರ ಸಭೇಲಿ ನಿಂತು ನಿಮ್ಮ ತಪ್ಪೇನೂ ಇಲ್ಲ ಅಂತ ಹೇಳಿದ್ರು. ಅರ್ಧ ಶತಮಾನದ ಮೇಲಾಯ್ತು. ಈಗ ಯಾರೂ ಫ್ರಿಜ್ ಅನ್ನಲ್ಲ, "ಮನೇಲಿ ಕನ್ಸಿಸ್ಟೆನ್ಸಿ ಇಲ್ಲ" ಅಂತೀವಿ.

ಇದ್ರಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನೋದು "ಶಾಲೇಲಿ ಚೆನ್ನಾಗೇ ಇರ್ತಾಳಲ್ಲ" ಅನ್ನೋ ಮಕ್ಕಳ ಮನೆಯವರು. ದಿನವಿಡೀ ಮೈ ಬಿಗಿಹಿಡಿದು, ಶಬ್ದ ಸಹಿಸ್ಕೊಂಡು, ಬೇರೆ ಮಕ್ಕಳನ್ನ ನೋಡಿ ನೋಡಿ ಕಾಪಿ ಮಾಡಿ, ಯಾರಿಗೂ ತೊಂದರೆ ಕೊಡದೆ ಮನೆಗೆ ಬಂದು ಶೂ ಬಿಚ್ಚೋದ್ರೊಳಗೆ ಸ್ಫೋಟ. ಕಿರುಚಾಟ, ಬಾಗಿಲು ಒದೆಯೋದು, ತಮ್ಮನಿಗೆ ಹೊಡೆಯೋದು. ಅಮ್ಮ ಶಾಲೆಗೆ ಬಂದು ಹೇಳಿದ್ರೆ "ಇಲ್ಲಿ ಏನೂ ಪ್ರಾಬ್ಲಂ ಇಲ್ಲ ಮೇಡಂ, ಮನೇಲಿ ಏನಾದ್ರೂ ಇದ್ಯಾ ನೋಡಿ" ಅಂತ ಕೈ ತೊಳ್ಕೊತಾರೆ, ಗಾಯದ ಮೇಲೆ ಬರೆ. ಮನೇಲಿ ಸಿಡಿಯೋದು ಮನೆ ಕೆಟ್ಟದ್ದು ಅಂತಲ್ಲ, ಬಿಚ್ಚಿಕೊಳ್ಳೋಕೆ ಧೈರ್ಯ ಇರೋ ಜಾಗ ಅದೊಂದೇ ಅಂತ. ಆ ಮಗೂಗೆ ಮಧ್ಯಾಹ್ನ ಊಟ ಆದ್ಮೇಲೆ ಇಪ್ಪತ್ತು ನಿಮಿಷ ಯಾರೂ ಮಾತಾಡಿಸದ ಒಂದು ಮೂಲೆ ಕೊಟ್ರೆ ಸಂಜೆ ಮನೇಲಿ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಮಾಡಿ ನೋಡಿ. ಆ ದಿನದ ಹೋಂವರ್ಕೂ ಬಿಟ್ಬಿಡಿ, ಆಕಾಶ ಬೀಳಲ್ಲ.

ಡಯರಿ ಬಗ್ಗೆ ಬರೀದೆ ಇದ್ರೆ ನನಗೆ ನಿದ್ದೆ ಬರಲ್ಲ. ಶಾಲೆ ಮತ್ತು ಮನೆ ನಡುವೆ ಓಡಾಡೋ ಆ ನೋಟ್‌ಬುಕ್. ಯಾವ್ದಾದ್ರೂ ಒಂದು ತೆಗೆದು ಓದಿ: ಇವತ್ತು ಕೂರಲಿಲ್ಲ, ಇವತ್ತು ಇಬ್ಬರಿಗೆ ಹೊಡೆದ, ಇವತ್ತು ಊಟ ಚೆಲ್ಲಿದ, ದಯವಿಟ್ಟು ಗಮನಿಸಿ, ಕೆಂಪು ಇಂಕು, ಕೆಳಗೆ ಗೆರೆ. ಬೆಳಗ್ಗೆ ಹನ್ನೊಂದಕ್ಕೆ ಆದ ಗಲಾಟೆಗೆ ರಾತ್ರಿ ಏಳಕ್ಕೆ ಅದನ್ನ ಓದೋ ಅಮ್ಮ ಏನು ಗಮನಿಸ್ಬೇಕು? ಮಗು ಅದನ್ನ ಮರೆತು ಆಗ್ಲೇ ಎಂಟು ಗಂಟೆ ಆಗಿದೆ. ಬೈಯೋದೊಂದೇ ದಾರಿ, ಅದ್ರಿಂದ ಮಗೂಗೆ ತಿಳಿಯೋದು ಇಷ್ಟೇ, ಈ ಪುಸ್ತಕ ಬ್ಯಾಗಲ್ಲಿದ್ರೆ ಮನೇಲಿ ಬೈಗುಳ. ಮನೆಯವರಿಗೆ ಉಪಯೋಗಕ್ಕೆ ಬರೋದು ಏನಾದ್ರೂ ಬರೀರಿ. ಎಷ್ಟು ಊಟ ಮಾಡ್ದ, ನಿದ್ದೆ ಮಾಡಿದ್ನಾ, ಯಾರ ಪಕ್ಕ ಕೂತು ನಕ್ಕ, ಫೈರ್ ಡ್ರಿಲ್ ಇತ್ತು ಅದಕ್ಕೇ ಸಂಜೆ ಸುಸ್ತಿರಬಹುದು. ಹೊಡೆದಾಟ ಆಗಿದ್ರೆ ಫೋನ್ ಮಾಡಿ, ಏನಾಯ್ತು, ಅದಕ್ಕೆ ಮುಂಚೆ ಏನು ನಡೀತಿತ್ತು, ನಾವೇನು ಮಾಡಿದ್ವಿ ಅಂತ ಬಾಯಲ್ಲಿ ಹೇಳಿ.

ಇನ್ನು ಮನೆಗೆ ಕೊಟ್ಟು ಕಳಿಸೋ ಥೆರಪಿ. ಸ್ಪೀಚ್‌ನವರು ದಿನಾ ಅರ್ಧ ಗಂಟೆ ಅಂತಾರೆ, ಓಟಿಯವರು (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಕ್ಕೆ ಮೈ ಪಳಗಿಸೋರು) ಬ್ರಶಿಂಗು ಜಂಪಿಂಗು ಅಂತಾರೆ, ನಾವು ವರ್ಕ್‌ಶೀಟ್ ಕೊಡ್ತೀವಿ, ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತೇ ಇರಲ್ಲ, ಎಲ್ಲಾ ಕೂಡಿದ್ರೆ ಅಮ್ಮನಿಗೆ ಎರಡನೇ ಶಿಫ್ಟ್. ಮಗು ಅಮ್ಮನ ಮಡಿಲಲ್ಲಿ ಬಂದು ಬಿದ್ಕೊಂಡ್ರೆ ಅಲ್ಲೂ "ಇದೇನು ಬಣ್ಣ ಹೇಳು" ಅಂತ ಕೇಳ್ಬೇಕಾ? ವಿಶ್ವ ಆರೋಗ್ಯ ಸಂಸ್ಥೆಯವರು ಬೆಳವಣಿಗೆಯ ತೊಂದರೆ ಇರೋ ಮಕ್ಕಳ ಮನೆಯವರಿಗೆ ಅಂತ ಒಂದು ತರಬೇತಿ ಕಾರ್ಯಕ್ರಮ ಮಾಡಿದಾರೆ, ಒಂಬತ್ತು ಗುಂಪು ಸೆಷನ್ನು, ಮೂರು ಮನೆ ಭೇಟಿ, ಅದ್ರಲ್ಲಿ ನನಗೆ ಹಿಡಿಸಿದ್ದು ಏನಂದ್ರೆ ಕಲಿಸೋದನ್ನೆಲ್ಲ ಆಟ, ಸ್ನಾನ, ಊಟ, ಬಟ್ಟೆ ಮಡಿಸೋದು ಇವುಗಳ ಒಳಗೇ ಸೇರಿಸ್ತಾರೆ, ಮತ್ತೆ ನೋಡ್ಕೊಳ್ಳೋರ ಸ್ವಂತ ಮನಸ್ಥಿತಿಗೂ ಅಲ್ಲಿ ಜಾಗ ಇದೆ. ಹಾಗಂತ ಉಸಿರಾಟದ ವ್ಯಾಯಾಮ ಹೇಳ್ಕೊಟ್ಟು ಕಳಿಸಿದ್ರೆ ಮುಗೀತು ಅಂತಲ್ಲ. ಬಹಳ ಅಮ್ಮಂದಿರಿಗೆ ಬೇಕಾಗಿರೋದು ಧ್ಯಾನ ಅಲ್ಲ, ಮಗೂನ ನಂಬಿ ಬಿಟ್ಟು ಹೋಗೋಕೆ ಎರಡು ಗಂಟೆ ಹೊತ್ತಿಗೆ ಒಬ್ಬ ಮನುಷ್ಯ.

ಅಕ್ಕ ತಮ್ಮಂದಿರ ಬಗ್ಗೆ ಬೇರೆಯಾಗೇ ಬರೀಬೇಕು, ಇಲ್ಲಿ ಒಂದೇ ಮಾತು. ಮನೇಲಿ "ಇವಳು ತುಂಬಾ ಒಳ್ಳೇ ಹುಡುಗಿ, ಏನೂ ತಂಟೆ ಇಲ್ಲ" ಅನ್ನಿಸ್ಕೊಳ್ಳೋ ಆ ಇನ್ನೊಂದು ಮಗು ಮೇಲೆ ಒಂದು ಕಣ್ಣಿಡಿ. ಅಮೆರಿಕದಲ್ಲಿ ಡಾನ್ ಮೇಯರ್ ಶುರುಮಾಡಿದ ಸಿಬ್‌ಶಾಪ್ ಅನ್ನೋ ಕೂಟಗಳಲ್ಲಿ ಇಂಥ ಮಕ್ಕಳನ್ನ ಸೇರಿಸಿ ಆಟ ಆಡಿಸ್ತಾರೆ, ಮಧ್ಯೆ ಮಾತಾಡಿಸ್ತಾರೆ. ನನ್ನ ಅಣ್ಣನೂ ಹೀಗೇ ಕಣೋ ಅನ್ನೋ ಇನ್ನೊಬ್ಬ ಗೆಳೆಯ ಸಿಗೋದೇ ಅವರಿಗೆ ದೊಡ್ಡ ಸಮಾಧಾನ.

ಕೊನೆಗೆ ಐಇಪಿ, ಅಂದ್ರೆ ಇಂಡಿವಿಜುವಲೈಸ್ಡ್ ಎಜುಕೇಷನ್ ಪ್ರೋಗ್ರಾಂ, ಅದ್ರ ಮೀಟಿಂಗ್. 1975ರ ಅಮೆರಿಕದ ಕಾನೂನಿಂದ ಬಂದ ಪದ್ಧತಿ, ಪ್ರತಿ ಮಗೂಗೂ ಬೇರೆಯೇ ಒಂದು ಲಿಖಿತ ಯೋಜನೆ, ಅದನ್ನ ಮಾಡುವಾಗ ಪೋಷಕರೂ ಟೇಬಲ್ ಮುಂದೆ ಇರಬೇಕು ಅಂತ, ಈಗ ಬೇರೆ ಬೇರೆ ದೇಶಗಳಲ್ಲೂ ಇಂಥದ್ದು ಮಾಡ್ತಾರೆ. ಟೇಬಲ್ ಮುಂದೆ ಇರ್ತಾರೆ ನಿಜ, ಈ ಕಡೆ ಫೈಲ್ ಹಿಡ್ಕೊಂಡು ನಾವು ಐದಾರು ಜನ, ಆ ಕಡೆ ಒಬ್ಬರೇ ಅಮ್ಮ, ಮಗೂಗೆ ಬರದೇ ಇರೋದ್ರ ಪಟ್ಟಿ ಓದ್ತಾ ಹೋಗ್ತೀವಿ, ಕೊನೇಲಿ ಸಹಿ. ನಾನು ಈಗ ಶುರುನೇ ಬೇರೆ ಥರ ಮಾಡ್ತೀನಿ, ಮನೇಲಿ ರಾತ್ರಿ ಹೇಗಿರುತ್ತೆ, ನಿದ್ದೆ ಎಷ್ಟು, ನಿಮಗೆಷ್ಟು, ಈ ವರ್ಷ ಯಾವ್ದು ಒಂದು ಸರಿಹೋದ್ರೆ ಮನೆ ಸ್ವಲ್ಪ ಹಗುರ ಆಗುತ್ತೆ ಅಂತ. ಉತ್ತರ ಹೆಚ್ಚಾಗಿ ಓದು ಬರಹ ಆಗಿರಲ್ಲ. ರಾತ್ರಿ ಎರಡು ಗಂಟೆಗೆ ಏಳೋದು ನಿಲ್ಲಲಿ, ಮದುವೆ ಮನೆಗೆ ಎಲ್ಲರೂ ಒಟ್ಟಿಗೆ ಹೋಗೋ ಹಾಗೆ ಆಗಲಿ, ಹೇರ್ ಕಟ್ ಮಾಡಿಸೋಕಾಗಲಿ. ಅದನ್ನೇ ಗುರಿ ಅಂತ ಬರೀತೀವಿ. ಜೊತೆಗೆ ಮಗೂದು ಒಂದು ಗುರಿ ಮನಸ್ಸಿಗೆ ಸಂಬಂಧಪಟ್ಟಿದ್ದು ಇರ್ಲೇಬೇಕು ಅಂತ ಹಟ ಹಿಡೀತೀನಿ, "ಶಾಂತವಾಗಿ ಕೂರುತ್ತಾನೆ" ಅಂತಲ್ಲ, ಅದು ನಮ್ಮ ಅನುಕೂಲ, "ಭಯ ಆದಾಗ ಹೇಳೋಕೆ ಎರಡು ದಾರಿ ಗೊತ್ತಿರುತ್ತೆ, ಹೇಳಿದಾಗ ದೊಡ್ಡೋರು ಏನು ಮಾಡ್ತಾರೆ ಅನ್ನೋದು ಬರೆದಿರುತ್ತೆ" ಅಂತ.

ಹೋದ ಸಲ ಒಬ್ಬ ಅಪ್ಪ, ಮೀಟಿಂಗ್ ಪೂರ್ತಿ ಬಾಯೇ ಬಿಡದೇ ಕೂತಿದ್ದೋರು, ಸಹಿ ಮಾಡೋ ಮುಂಚೆ ಪೆನ್ ಕೆಳಗಿಟ್ಟು "ಭಾನುವಾರ ಯಾವ ಥೆರಪಿನೂ ಇಲ್ಲ, ಅದನ್ನೂ ಇದ್ರಲ್ಲಿ ಬರೀರಿ" ಅಂದ್ರು. ಸ್ಪೀಚ್ ಥೆರಪಿಸ್ಟ್ ನನ್ನ ಮುಖ ನೋಡಿದ್ರು. ಬರೆದೆ, ಆರನೇ ಪಾಯಿಂಟ್, ಎಲ್ಲರೂ ಸಹಿ ಹಾಕಿದ್ವಿ.